12×16 ಹಾಲ್‌ಗೆ ಎಷ್ಟು ದೊಡ್ಡ ಸೀಲಿಂಗ್ ಲೈಟ್ ಬೇಕು?

ಹಾಸನದಲ್ಲಿ ಹೊಸ ಮನೆ, ಹಾಲ್ 12 ಅಡಿಗೆ 16 ಅಡಿ, ಎತ್ತರ 10 ಅಡಿ, ಮುಂದಿನ ವಾರ ಮೋಲ್ಡ್, ಅಂದರೆ ಸೂರಿಗೆ ಕಾಂಕ್ರೀಟ್. ಅಂಗಡಿಯವರು 36 ಇಂಚಿನ ಗೊಂಚಲು ದೀಪ ತೋರಿಸಿದ್ದಾರೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ಬೇಡ, ಜಾಸ್ತಿ ಆಯಿತು. ಲೆಕ್ಕ ಸುಲಭ: ಕೋಣೆಯ ಉದ್ದ ಅಗಲ ಎಷ್ಟು ಅಡಿಯೋ ಎರಡನ್ನೂ ಕೂಡಿಸಿ, ಬಂದ ಸಂಖ್ಯೆಯನ್ನು ಇಂಚು ಅಂದುಕೊಳ್ಳಿ, ಅದೇ ದೀಪದ ಅಗಲ. ನಿಮಗೆ 28 ಇಂಚು, ಅಂದರೆ ಸುಮಾರು 700 ಮಿಲಿಮೀಟರ್. ಬಾಕ್ಸ್ ಮೇಲೆ ಹೆಚ್ಚಾಗಿ ಮಿಲಿಮೀಟರ್‌ನಲ್ಲೇ ಬರೆದಿರುತ್ತಾರೆ, 25ರಿಂದ ಭಾಗಿಸಿದರೆ ಇಂಚು ಸಿಗುತ್ತದೆ. ನೇತಾಡುವ ದೀಪವಾದರೆ, ಜನ ಓಡಾಡುವ ಕಡೆ ಅದರ ಕೆಳತುದಿ ನೆಲದಿಂದ 7 ಅಡಿಗಿಂತ ಕೆಳಗೆ ಬರಬಾರದು.

ಆದರೆ ಈ ಲೆಕ್ಕ ಹುಟ್ಟಿದ್ದು ಸೂರಿನ ನಡುವೆ ದೀಪ ಇರುವ ಮನೆಗಳಿಗೆ. ನಮ್ಮಲ್ಲಿ ನಡುವೆ ಇರುವುದು ಫ್ಯಾನ್ ಅಲ್ವಾ? ಚಿಕ್ಕಮಗಳೂರಿನ ಚಳಿಯಲ್ಲಿ ಕೂತಿರುವ ನಾವೂ ಫ್ಯಾನ್ ಇಲ್ಲದೆ ಮನೆ ಕಟ್ಟಲ್ಲ, ಹಾಸನದಲ್ಲಂತೂ ಏಪ್ರಿಲ್ ತಿಂಗಳಿಗೆ ಬೇಕೇ ಬೇಕು. ಹಾಗಾಗಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮುಂಚೆ ಎಲ್ಲಿ ಅನ್ನುವುದನ್ನು ತೀರ್ಮಾನಿಸಿ. ಜಾಗ ಗೊತ್ತಾದರೆ ಸೈಜ್ ತಾನಾಗಿ ಬರುತ್ತದೆ.

ಸಾಮಾನ್ಯ ಫ್ಯಾನ್ 1200 ಮಿಲಿಮೀಟರ್, ಅಂದರೆ ನಡುವಿನಿಂದ ಎಲ್ಲ ಕಡೆಗೂ 2 ಅಡಿ ಅದರದ್ದೇ ಜಾಗ. ದೀಪ ಸೂರಿಗೆ ಅಂಟಿಕೊಂಡಿದ್ದು ಫ್ಯಾನ್‌ಗೆ ಹತ್ತಿರ ಇದ್ದರೆ ರೆಕ್ಕೆಗಳು ಬೆಳಕನ್ನು ಕತ್ತರಿಸುತ್ತವೆ, ಗೋಡೆ ಮೇಲೆ ನೆರಳು ಗಿರಗಿರ ತಿರುಗುತ್ತಲೇ ಇರುತ್ತದೆ. ಓದಲು ಕೂತವರಿಗೆ ಅದು ನಿಜಕ್ಕೂ ಹಿಂಸೆ, ತಲೆನೋವು ಬರುತ್ತದೆ, ಎಷ್ಟು ದುಬಾರಿ ದೀಪ ತಂದರೂ ಈ ತೊಂದರೆ ಹೋಗಲ್ಲ. ಅದಕ್ಕೇ ನಾನು ಹೇಳುವುದು ಒಂದರ ಬದಲು ಎರಡು ದೀಪ. 16 ಅಡಿ ಉದ್ದದ ಎರಡೂ ತುದಿಯಿಂದ 4 ಅಡಿ ಒಳಗೆ, ಅಗಲದಲ್ಲಿ ಸರಿಯಾಗಿ ನಡುವೆ. ಆಗ ದೀಪದ ನಡುವಿನಿಂದ ರೆಕ್ಕೆಯ ತುದಿಗೆ 2 ಅಡಿ ಉಳಿಯುತ್ತದೆ. ಒಂದು ದೀಪದಿಂದ ಸ್ವಲ್ಪ ನೆರಳು ಬಿದ್ದರೂ ಇನ್ನೊಂದರ ಬೆಳಕು ಅದನ್ನು ತಿಳಿಯಾಗಿಸುತ್ತದೆ. ಅರ್ಧ ಹಾಲ್ 12ಕ್ಕೆ 8, ಲೆಕ್ಕದ ಪ್ರಕಾರ 20 ಇಂಚು ಬರುತ್ತದೆ ನಿಜ, ಆದರೆ ನಡುವೆ ಅಷ್ಟು ದೊಡ್ಡ ಫ್ಯಾನ್ ಇರುವಾಗ ಪಕ್ಕದಲ್ಲಿ ಎರಡು ದೊಡ್ಡ ತಟ್ಟೆ ಇಟ್ಟರೆ ಸೂರು ಕಿಕ್ಕಿರಿದ ಹಾಗೆ ಕಾಣುತ್ತದೆ. 14ರಿಂದ 16 ಇಂಚು ಸಾಕು.

ಅನುಮಾನ ಇದ್ದರೆ ಈಗ ಇರುವ ಮನೆಯಲ್ಲೇ 16 ಇಂಚಿನ ರಟ್ಟಿನ ವೃತ್ತ ಕತ್ತರಿಸಿ ಸೂರಿಗೆ ಅಂಟಿಸಿ, ಬಾಗಿಲಲ್ಲಿ ನಿಂತು ನೋಡಿ. ಅಂಗಡಿಯ ಎತ್ತರದ ಸೂರಿನಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ.

ಇನ್ನು ಬೆಳಕು. ದೀಪ ಅಗಲ ಇದ್ದರೆ ಬೆಳಕು ಜಾಸ್ತಿ ಅಂತ ಏನಿಲ್ಲ, ಅದನ್ನು ಹೇಳುವುದು ಲ್ಯೂಮೆನ್. ಹಾಲ್‌ಗೆ ಚದರ ಅಡಿಗೆ ಸುಮಾರು 20 ಲ್ಯೂಮೆನ್ ಇಟ್ಟುಕೊಂಡರೆ ನಿಮ್ಮ 192 ಚದರ ಅಡಿಗೆ 3840. ಎಲ್‌ಇಡಿ ವ್ಯಾಟ್‌ಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಕೊಡುತ್ತದೆ, ಹಾಗಾಗಿ 20 ವ್ಯಾಟ್‌ನ ಎರಡು ಸಾಕು. ರೆಡ್ ಆಕ್ಸೈಡ್ ನೆಲ, ಗೋಡೆಗೆ ಗಾಢ ಬಣ್ಣ ಅಥವಾ ಮರದ ಸೂರು ಮಾಡಿಸುವುದಾದರೆ ಸ್ವಲ್ಪ ಜಾಸ್ತಿ ಹಾಕಿ, ಅವು ಬೆಳಕನ್ನು ನುಂಗುತ್ತವೆ. ಮೂಡಿಗೆರೆ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಮೇಲಕ್ಕೆ ಹೋದ ಬೆಳಕು ವಾಪಸ್ ಬರುವುದೇ ಇಲ್ಲ. ಅಲ್ಲಿ ತೊಲೆಯಿಂದ ವೈರ್ ಇಳಿಸಿ ನೆಲದಿಂದ 8 ಅಡಿ ಎತ್ತರಕ್ಕೆ ದೀಪ ತಂದರೆ ಮಾತ್ರ ಪೇಪರ್ ಓದಲು ಆಗುತ್ತದೆ. ಬೆಳಕಿನ ಬಣ್ಣಕ್ಕೆ ಬಾಕ್ಸ್ ಮೇಲೆ 3000 ಅಥವಾ 4000 ಕೆಲ್ವಿನ್ ನೋಡಿ, ಈ ಸಂಖ್ಯೆ ಕಡಿಮೆ ಇದ್ದಷ್ಟು ಬೆಳಕು ಹಳದಿ. 6500ರ ಬಿಳಿ ಬೆಳಕು ಮನೆಗೆ ಚೆನ್ನಾಗಿರಲ್ಲ, ಹುಳಗಳನ್ನೂ ಅದೇ ಹೆಚ್ಚು ಸೆಳೆಯುತ್ತದೆ.

ಹುಳದ ಮಾತು ಬಂತಲ್ಲ, ಇದನ್ನು ಸುಮ್ನೆ ಬಿಡಬೇಡಿ. ಮೊದಲ ಮಳೆ ಬಿದ್ದ ಸಂಜೆ ಮಳೆಹುಳಗಳು ಹೇಗೆ ಮುತ್ತುತ್ತವೆ ಅಂತ ನಿಮಗೂ ಗೊತ್ತಿರುತ್ತದೆ. ಬಟ್ಟಲಿನ ಹಾಗೆ ಮೇಲೆ ತೆರೆದಿರುವ ಗಾಜು ತಗೊಂಡರೆ ಎಲ್ಲ ಅದರೊಳಗೆ ಸತ್ತು ಬಿದ್ದು ಕಪ್ಪಗೆ ಕಾಣುತ್ತವೆ. ಪೂರ್ತಿ ಮುಚ್ಚಿದ ದೀಪವೇ ಇರಲಿ, ಅದೂ ಏಣಿ ಹತ್ತಿದವರು ಒಂದೇ ಕೈಯಲ್ಲಿ ಬಿಚ್ಚುವ ಹಾಗೆ.

ಗೊಂಚಲು ದೀಪ ಮನೆಯವರಿಗೆ ತುಂಬಾ ಇಷ್ಟವಾಗಿದ್ದರೆ ಅದನ್ನು ಊಟದ ಮೇಜಿನ ಮೇಲೆ ಹಾಕಿ, ಅಲ್ಲಿ ಫ್ಯಾನ್ ಪಕ್ಕಕ್ಕೆ ಹೋಗಲಿ. ಅಲ್ಲಿ ಲೆಕ್ಕ ಬೇರೆ: ಮೇಜಿನ ಅಗಲದ ಅರ್ಧದಿಂದ ಮೂರರಲ್ಲಿ ಎರಡು ಪಾಲು. 3 ಅಡಿ ಅಗಲದ ಮೇಜಿಗೆ 18ರಿಂದ 24 ಇಂಚು, ಮೇಜಿನಿಂದ 30ರಿಂದ 36 ಇಂಚು ಮೇಲೆ.

ಮೋಲ್ಡ್ ಮುಂದಿನ ವಾರ ಅಂದರೆ ನಿಮಗೆ ಇರುವುದು ಇಷ್ಟೇ ದಿನ. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟುವಾಗ ಎಲೆಕ್ಟ್ರಿಷಿಯನ್ ಜೊತೆ ನೀವೂ ಮೇಲೆ ಹತ್ತಿ. ನಡುವೆ ಫ್ಯಾನ್ ಬಾಕ್ಸ್, ಎರಡು ಕಡೆ 4 ಅಡಿಗೆ ಲೈಟ್ ಬಾಕ್ಸ್, ಮೇಜು ಬರುವ ಜಾಗದಲ್ಲಿ ಗೊಂಚಲು ದೀಪಕ್ಕೆ ಕಂಬಿಯ ಕೊಕ್ಕೆ ಇರುವ ಇನ್ನೊಂದು ಬಾಕ್ಸ್. ಫಾಲ್ಸ್ ಸೀಲಿಂಗ್ ಮಾಡಿಸಿದರೂ ಭಾರದ ದೀಪವನ್ನು ಆ ಬೋರ್ಡ್‌ಗೆ ತೂಗುಹಾಕಬಾರದು, ಭಾರ ಕಾಂಕ್ರೀಟ್ ಮೇಲೇ ಬೀಳಬೇಕು. ಟೇಪ್ ಹಿಡಿದು ಗೋಡೆಯಿಂದ ನೀವೇ ಅಳೆದು, ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಕಾಂಕ್ರೀಟ್ ಹಾಕಿಸಿ. ಎರಡು ದೀಪಕ್ಕೂ ಬೇರೆ ಬೇರೆ ಸ್ವಿಚ್ ಕೊಡಿಸಿ, ಟಿವಿ ನೋಡುವಾಗ ಒಂದೇ ಸಾಕಾಗುತ್ತದೆ.