ಅಂಗಾಂಶದ ನಾರುಗಳನ್ನು ಬೆಳಕಿನಿಂದ ಅಳೆಯುವ ಪಿಎಚ್‌ಡಿ: ಎಲೆಕ್ಟ್ರಾನಿಕ್ಸ್ ಓದಿದವರು ಸೇರಬಹುದೇ? ಅಲ್ಲಿ ನಿಜವಾಗಿ ಏನು ಕೆಲಸ?

ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್ ಮುಗಿಸಿದ್ದೀರಿ, ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟಿದ್ದೀರಿ, ಈ ವಿಷಯಕ್ಕೆ ಸೇರಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸೇರಬಹುದು. ಬೇಕಾದಷ್ಟು ಜೀವಶಾಸ್ತ್ರವನ್ನು ಕೆಲಸ ಮಾಡುತ್ತಲೇ ಕಲಿಯಬಹುದು. ನಾರು ಓಡುವ ಕೋನವನ್ನು ನಂಬುವ ಹಾಗೆ ಅಳೆಯುವುದೇ ಇಲ್ಲಿ ಕಷ್ಟದ ಕೆಲಸ. ಅದಕ್ಕೆ ನಿಮ್ಮ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೆದುಳಿನ ನರತಂತುಗಳು, ಸ್ನಾಯುರಜ್ಜುವಿನ ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರು ಇವೆಲ್ಲ ಯಾವ ದಿಕ್ಕಿಗೆ ಓಡುತ್ತವೆ, ಎಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದೇ ಪ್ರಶ್ನೆ. ಅಂಗಾಂಶದೊಳಗೆ ನೀರು ಸರಿಯುವ ದಿಕ್ಕನ್ನು ನೋಡುವ ಡಿಫ್ಯೂಷನ್ ಎಂಆರ್‌ಐ ಸ್ಕ್ಯಾನ್ ಇದನ್ನು ಮಿಲಿಮೀಟರ್ ಅಳತೆಯಲ್ಲಿ ಹೇಳುತ್ತದೆ. ಧ್ರುವೀಕೃತ ಬೆಳಕು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ಮೈಕ್ರಾನ್ ಮಟ್ಟಕ್ಕೆ ಇಳಿಯುತ್ತದೆ, ಆದರೆ ಎರಡು ನಾರುಗಳು ಲಂಬವಾಗಿ ದಾಟುವ ಕಡೆ ಅವುಗಳ ಪರಿಣಾಮ ಒಂದನ್ನೊಂದು ಅಳಿಸಿಹಾಕುತ್ತದೆ. ಈ ತೊಡಕನ್ನು ಬಿಡಿಸಲು ಬಂದದ್ದು ಚದುರಿದ ಬೆಳಕಿನ ಇಮೇಜಿಂಗ್. ಜರ್ಮನಿಯ ಯೂಲಿಶ್‌ನಲ್ಲಿ ಶುರುವಾಗಿ, ಈಗ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲೂ ಬೆಳೆಯುತ್ತಿದೆ. 2025ರಲ್ಲಿ ಪ್ರಕಟವಾದ ಕೆಲಸದಲ್ಲಿ 1904ರ ಒಂದು ಹಳೆಯ ಮೆದುಳಿನ ಸ್ಲೈಡಿನಿಂದಲೂ ನಾರುಗಳ ದಿಕ್ಕನ್ನು ತೆಗೆದು ತೋರಿಸಿದ್ದಾರೆ. ಆಸ್ಪತ್ರೆಗಳ ಕಪಾಟಿನಲ್ಲಿ ಕೂತಿರುವ ಸ್ಲೈಡುಗಳೆಲ್ಲ ಮತ್ತೆ ಮಾತಾಡಬಲ್ಲವು ಎಂದಾಯಿತು. ಈ ವಿಷಯದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

ಇದರ ಭೌತಶಾಸ್ತ್ರ ನಿಮ್ಮ ಅಡುಗೆಮನೆಯಲ್ಲೇ ಇದೆ. ಉಜ್ಜಿ ಉಜ್ಜಿ ಗೀರು ಬಿದ್ದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿಯಿರಿ. ಗೀರುಗಳು ಎಲ್ಲ ದಿಕ್ಕಿಗೂ ಇದ್ದರೂ ಬಲ್ಬಿನ ಪ್ರತಿಬಿಂಬದ ಸುತ್ತ ವೃತ್ತಗಳಾಗಿ ಹೊಳೆಯುತ್ತವೆ, ಏಕೆಂದರೆ ಬೆಳಕಿಗೆ ಅಡ್ಡವಾಗಿರುವ ಗೀರು ಮಾತ್ರ ಅದನ್ನು ಕಣ್ಣಿನ ಕಡೆಗೆ ಚದುರಿಸುತ್ತದೆ. ನಾರೂ ಹಾಗೆಯೇ. ಓರೆ ಬೆಳಕನ್ನು ಸುತ್ತಲೂ 15 ಡಿಗ್ರಿಗೊಮ್ಮೆ ಬೀಳಿಸಿ 24 ಚಿತ್ರ ತೆಗೆದರೆ, ಪ್ರತಿ ಪಿಕ್ಸೆಲ್‌ಗೂ 24 ಅಂಕಿಗಳ ಒಂದು ರೇಖೆ ಸಿಗುತ್ತದೆ. ಪೀಕ್‌ಗಳು, ಅಂದರೆ ಆ ರೇಖೆಯ ಎತ್ತರದ ತುದಿಗಳು, 60 ಮತ್ತು 240 ಡಿಗ್ರಿಯಲ್ಲಿದ್ದರೆ ಅವುಗಳ ನಡುಬಿಂದು 150. ನಾರಿನ ದಿಕ್ಕು ಅದೇ. ನಾಲ್ಕು ಪೀಕ್ ಬಂದರೆ ಅಲ್ಲಿ ಎರಡು ನಾರುಗಳು ದಾಟುತ್ತಿವೆ. ಎರಡು ಪೀಕ್‌ಗಳ ಅಂತರ 180ಕ್ಕಿಂತ ಕಡಿಮೆಯಾದರೆ ನಾರು ಸ್ಲೈಡಿನ ತಳದಿಂದ ಮೇಲಕ್ಕೆ ವಾಲಿದೆ: 45 ಡಿಗ್ರಿ ಓರೆ ಬೆಳಕಿನಲ್ಲಿ, 30 ಡಿಗ್ರಿ ವಾಲಿದ ನಾರಿಗೆ ಅಂತರ ಸುಮಾರು 152.

ಸೇರುವ ಮೊದಲೇ ಇದನ್ನು ಮನೆಯಲ್ಲಿ ಕಟ್ಟಿ ನೋಡಿ. 24 ಎಲ್‌ಇಡಿಯ ನಿಯೋಪಿಕ್ಸೆಲ್ ರಿಂಗ್ (ಒಂದೊಂದು ಎಲ್‌ಇಡಿಯನ್ನೂ ಬೇರೆಯಾಗಿ ಉರಿಸಬಹುದಾದ ಬಳೆ) ತೆಗೆದುಕೊಂಡರೆ 15 ಡಿಗ್ರಿಯ ಹೆಜ್ಜೆ ತಾನಾಗಿಯೇ ಬರುತ್ತದೆ. ರಿಂಗಿನ ತ್ರಿಜ್ಯ ಸುಮಾರು 30 ಮಿ.ಮೀ., ಸ್ಲೈಡನ್ನೂ ಅದರ ಮೇಲೆ 30 ಮಿ.ಮೀ. ಎತ್ತರದಲ್ಲಿಟ್ಟರೆ 45 ಡಿಗ್ರಿ. ರಿಂಗಿನ ನಡುವೆ ಕಪ್ಪು ಕಾಗದ, ಮೇಲೆ ಮ್ಯಾಕ್ರೊ ಲೆನ್ಸಿನ ಕ್ಯಾಮೆರಾ, ಸುತ್ತ ಕತ್ತಲೆ ಪೆಟ್ಟಿಗೆ. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಣ ಬೋರ್ಡಿನಿಂದ ಒಂದೊಂದೇ ಎಲ್‌ಇಡಿಯನ್ನು ಹಸಿರು ಬಣ್ಣದಲ್ಲಿ, ಪೂರ್ಣ ಪ್ರಖರತೆಯಲ್ಲಿ ಉರಿಸಿ. ಪ್ರಖರತೆ ತಗ್ಗಿಸಿದರೆ ಅದು ಬೇಗ ಬೇಗ ಮಿನುಗುವುದರಿಂದ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಹೊಂದಿಸುವುದಿದ್ದರೆ ಎಕ್ಸ್‌ಪೋಷರನ್ನೇ ಹೊಂದಿಸಿ, ಆಮೇಲೆ ಲಾಕ್ ಮಾಡಿ. ಆಟೊ ಎಕ್ಸ್‌ಪೋಷರ್ ಇದ್ದರೆ 24 ಅಂಕಿಗಳಿಗೂ ಅರ್ಥವಿಲ್ಲ. ಎಲ್‌ಇಡಿಗಳ ಹೊಳಪು ಒಂದೇ ಸಮ ಇರುವುದಿಲ್ಲ, ಹಾಗಾಗಿ ಮೊದಲು ಸ್ಲೈಡಿನ ಜಾಗದಲ್ಲಿ ಬೆಳಕನ್ನು ಎಲ್ಲ ಕಡೆಗೂ ಸಮವಾಗಿ ಹರಡುವ ಡಿಫ್ಯೂಸರ್ ಹಾಳೆಯಿಟ್ಟು 24 ಚಿತ್ರ ತೆಗೆದು, ಆ ಅಳತೆಯಿಂದ ಭಾಗಿಸಿ.

ಮೊದಲ ಮಾದರಿಯಾಗಿ ಅಂಗಾಂಶ ಬೇಡ. ಎರಡು ರೇಷ್ಮೆ ಎಳೆಗಳನ್ನು ಗಾಜಿನ ಮೇಲೆ 90, 60, 30 ಡಿಗ್ರಿಯಲ್ಲಿ ಅಡ್ಡಡ್ಡ ಬಿಗಿದು ಅಂಟಿಸಿ. ಉತ್ತರ ಗೊತ್ತಿರುವ ಮಾದರಿ ಇದೊಂದೇ. ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುವಿದೆಯೇ, ಎಲ್‌ಇಡಿಗಳ ಸುತ್ತು ಉಲ್ಟಾ ಇದೆಯೇ ಎಂಬುದು ಇಲ್ಲೇ ಬಯಲಾಗಬೇಕು.

ಎಲ್ಲರೂ ಎಡವುವ ಇನ್ನೊಂದು ಜಾಗವಿದೆ. ನಾರು ರಿಂಗಿನ ನಟ್ಟನಡುವೆ ಇಲ್ಲದೆ ತನ್ನ ಉದ್ದದ ದಿಕ್ಕಿನಲ್ಲಿ 10 ಮಿ.ಮೀ. ಸರಿದಿದ್ದರೆ, ಎರಡೂ ಪೀಕ್‌ಗಳು ಹತ್ತಿರ ಬಂದು ಅಂತರ ಸುಮಾರು 141ಕ್ಕೆ ಇಳಿಯುತ್ತದೆ. ನಡುಬಿಂದು ಬದಲಾಗದ ಕಾರಣ ದಿಕ್ಕು ಸರಿಯಾಗಿಯೇ ಬರುತ್ತದೆ, ನಿಮಗೆ ಅನುಮಾನವೇ ಹುಟ್ಟುವುದಿಲ್ಲ. ಆದರೆ ಚಪ್ಪಟೆಯಾಗಿ ಮಲಗಿರುವ ನಾರು 39 ಡಿಗ್ರಿ ವಾಲಿದಂತೆ ಲೆಕ್ಕ ಬರುತ್ತದೆ. 2 ಮಿ.ಮೀ. ಸರಿದರೂ 9 ಡಿಗ್ರಿ ಸುಳ್ಳು. ಆದ್ದರಿಂದ ದೊಡ್ಡ ರಿಂಗ್ ಬಳಸಿ, ಇಲ್ಲವೇ ಪ್ರತಿ ಪಿಕ್ಸೆಲ್‌ನ ಸ್ಥಾನಕ್ಕೆ ತಕ್ಕಂತೆ ತಿದ್ದಿ.

ಸಾಫ್ಟ್‌ವೇರಿಗೆ ಯೂಲಿಶ್‌ನವರ ಎಸ್‌ಎಲ್‌ಐಎಕ್ಸ್ ಎಂಬ ಮುಕ್ತ ಪೈಥಾನ್ ಪ್ಯಾಕೇಜ್ ಇದೆ, ಆದರೆ ಪೀಕ್ ಹುಡುಕುವ ಕೋಡನ್ನು ಒಮ್ಮೆ ನೀವೇ ಬರೆಯಿರಿ. ದಿಕ್ಕುಗಳ ಸರಾಸರಿಯಲ್ಲಿ ಎಚ್ಚರ: 5 ಮತ್ತು 175 ಡಿಗ್ರಿಯ ನಾರುಗಳು ಹೆಚ್ಚುಕಡಿಮೆ ಒಂದೇ ಕಡೆಗೆ ಓಡುತ್ತವೆ, ಸುಮ್ಮನೆ ಕೂಡಿ ಭಾಗಿಸಿದರೆ 90 ಬರುತ್ತದೆ. ಕೋನವನ್ನು ಎರಡರಿಂದ ಗುಣಿಸಿ, ಸೈನ್ ಕೊಸೈನ್‌ಗಳ ಸರಾಸರಿ ತೆಗೆದು, ಬಂದ ಕೋನವನ್ನು ಮತ್ತೆ ಅರ್ಧ ಮಾಡಿ. ಡಿಸ್ಕನ್ನೂ ಲೆಕ್ಕ ಹಾಕಿಡಿ: 2 ಕೋಟಿ ಪಿಕ್ಸೆಲ್, 16 ಬಿಟ್ ಎಂದರೆ ಚಿತ್ರವೊಂದಕ್ಕೆ 40 ಎಂಬಿ, 24ಕ್ಕೆ ಸುಮಾರು 1 ಜಿಬಿ. ಅದೂ ಒಂದೇ ನೋಟಕ್ಕೆ.

ಅಂಗಾಂಶಕ್ಕೆ ಬಂದಾಗ ಕೋಳಿ ಅಂಗಡಿಯಿಂದ ಕಾಲಿನ ಸ್ನಾಯುರಜ್ಜು ತಂದು, ಎರಡು ಸೂಜಿಗಳಿಂದ ಎಳೆ ಎಳೆಯಾಗಿ ಬಿಡಿಸಿ, 20 ಶೇಕಡಾ ಗ್ಲಿಸರಿನ್ ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ. ದಪ್ಪವಿದ್ದರೆ ಬೆಳಕು ಒಳಗೇ ಹಲವು ಬಾರಿ ಚದುರಿ ಪೀಕ್‌ಗಳು ಕಲಸಿಹೋಗುತ್ತವೆ. ಯೂಲಿಶ್‌ನಲ್ಲಿ ಮೆದುಳನ್ನು 60 ಮೈಕ್ರಾನ್‌ಗೆ ಕತ್ತರಿಸುವ ರೂಢಿ. ಗಾಳಿಗುಳ್ಳೆಯ ಅಂಚು ಎಲ್ಲ ದಿಕ್ಕಿಗೂ ಹೊಳೆದು ಸುಳ್ಳು ನಾರುಗಳನ್ನು ತೋರಿಸುತ್ತದೆ, ಅಂಥ ಜಾಗವನ್ನು ಮಾಸ್ಕ್ ಮಾಡಿ, ಅಂದರೆ ಲೆಕ್ಕದಿಂದ ಬಿಟ್ಟುಬಿಡಿ. ಮುಂದೆ ಮಾನವ ಅಂಗಾಂಶ ಬೇಕಾದರೆ ನೈತಿಕ ಸಮಿತಿಯ ಅನುಮತಿ ಬೇಕು, ಮೊದಲ ವರ್ಷದಲ್ಲೇ ಅರ್ಜಿ ಹಾಕಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವ ಮೆದುಳಿನ ಅಂಗಾಂಶ ಸಂಗ್ರಹವಿದೆ, ಇಲ್ಲೇ ಸಂಶೋಧನೆ ಮಾಡುವುದಾದರೆ ನೆನಪಿರಲಿ.

ಪಿಎಚ್‌ಡಿ ಅರ್ಜಿಯ ಜೊತೆ ಡೀಪ್ ಲರ್ನಿಂಗ್ ಸರ್ಟಿಫಿಕೇಟುಗಳ ಕಟ್ಟು ಬೇಡ. ರೇಷ್ಮೆ ಎಳೆಗಳ ಮೂರು ಕೋನ, ನಿಮ್ಮ ಯಂತ್ರ ಹೇಳಿದ ಮೂರು ಕೋನ, ನಡುವಿನ ವ್ಯತ್ಯಾಸ ಎಲ್ಲಿಂದ ಬಂತು ಎಂಬ ವಿವರಣೆ, ಇಷ್ಟನ್ನು ಎರಡು ಪುಟದಲ್ಲಿ ಬರೆದು ಸೇರಿಸಿ.