ತೂಕ ಇಳಿಸುವ ಇಂಜೆಕ್ಷನ್ ಎಷ್ಟು ದಿನ ತೆಗೆದುಕೊಳ್ಳಬೇಕು?

ವಾರಕ್ಕೊಮ್ಮೆ ಸೆಮಾಗ್ಲುಟೈಡ್ ತೆಗೆದುಕೊಂಡು ತೂಕ ಚೆನ್ನಾಗಿ ಇಳಿದಿದೆ, ಅಂದುಕೊಂಡ ತೂಕ ಬಂದ ಮೇಲೆ ನಿಲ್ಲಿಸಬಹುದಾ, ಇಲ್ಲ ಜೀವನಪೂರ್ತಿ ಚುಚ್ಚಿಕೊಳ್ಳುತ್ತಲೇ ಇರಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಅದೇ ಔಷಧಿ ತೆಗೆದುಕೊಳ್ಳುವವನು, ಇದೇ ಪ್ರಶ್ನೆ ಕೇಳಿ ನನ್ನ ಡಾಕ್ಟರ್ ತಲೆ ತಿಂದವನು.

ತೂಕ ಗುರಿ ಮುಟ್ಟಿತು ಅನ್ನುವ ಒಂದೇ ಕಾರಣಕ್ಕೆ ನಿಲ್ಲಿಸಬೇಡಿ. ಇದು ಆಂಟಿಬಯೋಟಿಕ್ ಥರ ಕೋರ್ಸ್ ಮುಗಿಸಿ ಕೈತೊಳೆದುಕೊಳ್ಳುವ ಔಷಧಿ ಅಲ್ಲ. ಊಟ ಆದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಬಿಡುತ್ತದೆ. ಸೆಮಾಗ್ಲುಟೈಡ್ ಅದರ ಕೆಲಸವನ್ನೇ ಮಾಡುತ್ತದೆ, ಆದರೆ ತುಂಬಾ ಹೊತ್ತು. ಹಸಿವು ಕಡಿಮೆಯಾಗುತ್ತದೆ, ಸ್ವಲ್ಪ ತಿಂದರೆ ಸಾಕು ಅನ್ನಿಸುತ್ತದೆ. ಔಷಧಿ ದೇಹದಲ್ಲಿ ಇರುವಷ್ಟು ದಿನ ಮಾತ್ರ ಈ ಕೆಲಸ. ನಿಲ್ಲಿಸಿದರೆ ಸುಮಾರು ವಾರಕ್ಕೊಮ್ಮೆ ಅರ್ಧರ್ಧ ಕರಗುತ್ತಾ ಒಂದೂವರೆ ತಿಂಗಳೊಳಗೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಹಳೆ ಹಸಿವು ವಾಪಸ್ ಬರುತ್ತದೆ.

ಬರೀ ಹಳೆ ಹಸಿವಷ್ಟೇ ಆಗಿದ್ದರೆ ಪರವಾಗಿಲ್ಲ. ತೂಕ ಇಳಿದ ದೇಹ ಸುಮ್ನೆ ಕೂರುವುದಿಲ್ಲ. ಹೇಗೆ ಇಳಿಸಿದರೂ ಹೊಟ್ಟೆ ತುಂಬಿದೆ ಅಂತ ಹೇಳುವ ಲೆಪ್ಟಿನ್ ಕಡಿಮೆಯಾಗುತ್ತದೆ. ಹಸಿವು ಎಬ್ಬಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ. ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯುತ್ತದೆ. ಬರೀ ಡಯಟ್‌ನಿಂದ ತೂಕ ಇಳಿಸಿದವರಲ್ಲಿ ಒಂದು ವರ್ಷದ ನಂತರವೂ ಈ ಹಾರ್ಮೋನ್‌ಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ ಅಂತ 2011ರ ಒಂದು ಅಧ್ಯಯನ ತೋರಿಸಿತು. ಹಾಗಾಗಿ "ಮನಸ್ಸು ಗಟ್ಟಿ ಇದ್ದರೆ ಔಷಧಿ ಯಾಕೆ ಬೇಕು" ಅನ್ನುವವರ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ನಿಲ್ಲಿಸಿದವರಿಗೆ ಏನಾಯಿತು ಅಂತ ಸರಿಯಾಗಿ ಲೆಕ್ಕ ಇಟ್ಟಿದ್ದಾರೆ. ಸ್ಟೆಪ್ 1 ಪ್ರಯೋಗದಲ್ಲಿ 68 ವಾರ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ಶೇ. 15ರಷ್ಟು ಇಳಿಯಿತು. ಆಮೇಲೆ ಅವರಲ್ಲಿ ಒಂದಷ್ಟು ಜನರನ್ನು ಔಷಧಿ ಇಲ್ಲದೆ ಒಂದು ವರ್ಷ ಗಮನಿಸಿದರು. ಇಳಿದ ತೂಕದಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಇದೇ ಥರದ ಇನ್ನೊಂದು ವಾರದ ಇಂಜೆಕ್ಷನ್ ಟಿರ್ಜೆಪಟೈಡ್‌ನ ಸರ್‌ಮೌಂಟ್ 4 ಪ್ರಯೋಗ ನನಗೆ ಇನ್ನೂ ಕುತೂಹಲದ್ದು. 36 ವಾರದಲ್ಲಿ ಎಲ್ಲರೂ ಸರಾಸರಿ ಶೇ. 20.9 ಇಳಿದರು. ನಂತರ ಅರ್ಧದಷ್ಟು ಜನಕ್ಕೆ ಅವರಿಗೆ ಗೊತ್ತಾಗದಂತೆ ಔಷಧಿ ಇಲ್ಲದ ಇಂಜೆಕ್ಷನ್ ಕೊಟ್ಟರು. ಮುಂದಿನ 52 ವಾರದಲ್ಲಿ ಅವರ ತೂಕ ಶೇ. 14 ಏರಿತು, ಮುಂದುವರಿಸಿದವರದ್ದು ಇನ್ನೂ ಶೇ. 5.5 ಇಳಿಯಿತು. ಆದರೆ ಔಷಧಿ ತಪ್ಪಿದವರಲ್ಲೂ ಆರರಲ್ಲಿ ಒಬ್ಬರು ಇಳಿಸಿದ ತೂಕದ ಶೇ. 80ರಷ್ಟನ್ನಾದರೂ ಉಳಿಸಿಕೊಂಡಿದ್ದರು. ಅಂದರೆ ಬಿಟ್ಟವರೆಲ್ಲ ಮೊದಲಿನಂತೆ ಆಗುತ್ತಾರೆ ಅಂತಲ್ಲ. ಆ ಒಬ್ಬರು ನೀವೇ ಅಂತ ನಂಬಿಕೊಂಡು ಕೂರುವುದು ಮಾತ್ರ ಜಾಣತನ ಅಲ್ಲ.

ಇನ್ನೊಂದು ವಿಷಯ. ಒಂದು ವರ್ಷದ ಆಸುಪಾಸಿನಲ್ಲಿ ತೂಕ ಇಳಿಯುವುದು ನಿಂತುಬಿಡುತ್ತದೆ. ಬಹಳ ಜನ ಇಲ್ಲೇ "ಇನ್ನು ಇದು ಕೆಲಸ ಮಾಡ್ತಿಲ್ಲ" ಅಂತ ಬಿಡುತ್ತಾರೆ. ಕೆಲಸ ಮಾಡುತ್ತಿರುತ್ತದೆ, ಅಲ್ವಾ? ತೂಕ ಮತ್ತೆ ಏರದಂತೆ ಹಿಡಿದಿಟ್ಟಿರುವುದೇ ಅದು. ಹೃದ್ರೋಗ ಇದ್ದ 17,604 ಜನರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಮುಂದುವರಿಸಿದವರ ತೂಕ 4 ವರ್ಷದ ಹೊತ್ತಿಗೂ ಸರಾಸರಿ ಶೇ. 10ರಷ್ಟು ಕಡಿಮೆಯೇ ಇತ್ತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು, ಇವು ಮೂರೂ ಸೇರಿ ಶೇ. 20 ಕಡಿಮೆಯಾದವು. ತೂಕದ ಯಂತ್ರದ ಮುಳ್ಳು ನಿಂತಿದ್ದರೂ ಬಿಪಿ, ಶುಗರ್, ಮಂಡಿ ನೋವು, ಗೊರಕೆ ಎಲ್ಲ ಏನಾಗಿವೆ ಅಂತ ನೋಡಿ.

ಹಾಗಂತ ಕಣ್ಣುಮುಚ್ಚಿ ಎಳೆಯುತ್ತಾ ಹೋಗಬೇಡಿ. ಪೂರ್ತಿ ಡೋಸ್‌ಗೆ ಬಂದು ಮೂರು ತಿಂಗಳಾದರೂ ಶೇ. 5ರಷ್ಟು ಇಳಿಯದಿದ್ದರೆ ಬೇರೆ ದಾರಿ ನೋಡುವುದು ಡಾಕ್ಟರ್‌ಗಳ ಸಾಮಾನ್ಯ ಪದ್ಧತಿ. ವಾಕರಿಕೆ, ಮಲಬದ್ಧತೆ ತಡೆಯಲಾಗದಷ್ಟಿದ್ದರೆ ಡೋಸ್ ಇಳಿಸುವ ಮಾತಾಡಿ. ಹೊಟ್ಟೆಯಲ್ಲಿ ಬೆನ್ನಿಗೆ ಹೊಡೆಯುವಂಥ ಜೋರು ನೋವು ಬಂದು ನಿಲ್ಲದಿದ್ದರೆ ಮುಂದಿನ ಇಂಜೆಕ್ಷನ್ ತೆಗೆದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಮಗು ಬೇಕು ಅಂದುಕೊಂಡಿರುವ ಹೆಂಗಸರು ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು. ಮತ್ತೆ, ಎಲ್ಲ ಔಷಧಿಗೂ ಒಂದೇ ಲೆಕ್ಕ ಇಲ್ಲ. ಫೆಂಟರ್ಮಿನ್ ಮಾತ್ರೆಗೆ ಒಪ್ಪಿಗೆ ಇರುವುದೇ ಕೆಲವು ವಾರಗಳಿಗೆ. ಅದನ್ನು ತೆಗೆದುಕೊಂಡವರು ಹೇಳುವ "ಮೂರು ತಿಂಗಳು ಸಾಕು" ಅನ್ನುವುದು ನಿಮಗೆ ಅನ್ವಯಿಸುವುದಿಲ್ಲ.

ದುಡ್ಡಿನ ಕಾರಣಕ್ಕೋ, ಸೂಜಿ ಸಾಕಾಗಿಯೋ ನಿಲ್ಲಿಸಲೇಬೇಕು ಅಂತಿದ್ದರೆ, ಅದು ನಾಚಿಕೆ ಪಡುವ ವಿಷಯ ಅಲ್ಲ. ಆದರೆ ತಯಾರಿ ಔಷಧಿ ಇರುವಾಗಲೇ ಆಗಬೇಕು. ಇದೇ ಗುಂಪಿನ ಲಿರಾಗ್ಲುಟೈಡ್ ಅನ್ನುವ ಔಷಧಿ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದ ಪ್ರಯೋಗದಲ್ಲಿ ಔಷಧಿಯ ಜೊತೆಗೆ ವ್ಯಾಯಾಮ ಮಾಡಿದವರು ನಿಲ್ಲಿಸಿ ಒಂದು ವರ್ಷ ಆದ ಮೇಲೂ ಬರೀ ಔಷಧಿ ತೆಗೆದುಕೊಂಡವರಿಗಿಂತ ಚೆನ್ನಾಗಿ ತೂಕ ಉಳಿಸಿಕೊಂಡಿದ್ದರು. ಹಸಿವು ಕಡಿಮೆ ಇರುವ ಈ ದಿನಗಳಲ್ಲೇ ಭಾರ ಎತ್ತುವ ವ್ಯಾಯಾಮ ಮತ್ತು ಪ್ರೋಟೀನ್ ಅಭ್ಯಾಸ ಮಾಡಿಕೊಳ್ಳಿ, ಇಳಿಯುವ ತೂಕದಲ್ಲಿ ಸ್ನಾಯುವೂ ಹೋಗುತ್ತದೆ. ಎಷ್ಟು ಕಿಲೋ ವಾಪಸ್ ಬಂದರೆ ಮತ್ತೆ ಬರಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಕೆಲವು ವಾರ ಬಿಟ್ಟು ಮತ್ತೆ ಶುರು ಮಾಡುವಾಗ ಫ್ರಿಜ್‌ನಲ್ಲಿ ಉಳಿದಿರುವ ಹಳೆ ಡೋಸ್ ಪೆನ್ ಹಾಗೇ ಚುಚ್ಚಿಕೊಳ್ಳಬೇಡಿ. ಸಾಮಾನ್ಯವಾಗಿ ಮತ್ತೆ 0.25 ಮಿಲಿಗ್ರಾಂನಿಂದಲೇ ಮೆಲ್ಲಗೆ ಏರಿಸುತ್ತಾರೆ. ಇಲ್ಲದಿದ್ದರೆ ವಾಂತಿ ಕಾಟ ಜಾಸ್ತಿ.