ಕರೆ ನಿಜವೋ, ಹದಿನೇಳರ ಆವೇಶವೋ?

ಪತ್ರ: ನನಗೆ 22 ವರ್ಷ. ಭಾಷಾವಿಜ್ಞಾನದಲ್ಲಿ ಎಂ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಹದಿನೇಳನೇ ವಯಸ್ಸಿನಲ್ಲಿ ಒಂದು ಯೌವನಸ್ಥರ ಕೂಟದಲ್ಲಿ ಮಿಷನ್ ಸೇವೆಗೆ ನನ್ನನ್ನು ಒಪ್ಪಿಸಿಕೊಂಡೆ. ಬೈಬಲ್ ಇಲ್ಲದ ಭಾಷೆಗೆ ಬೈಬಲ್ ತರಬೇಕು ಎಂಬ ಆಸೆಯಿಂದಲೇ ಈ ವಿಷಯ ಆರಿಸಿಕೊಂಡೆ. ಈಗ ಸಭೆಯ ಹಿರಿಯರು "ಇದು ಲೋಕದ ಓದು, ಬಿಟ್ಟು ಬೈಬಲ್ ಕಾಲೇಜಿಗೆ ಸೇರು" ಅನ್ನುತ್ತಾರೆ. ಕ್ಲಾಸಿನಲ್ಲಿ ಒಬ್ಬ ಪ್ರಾಧ್ಯಾಪಕರು "ಮಿಷನರಿಗಳಿಗೆ ಭಾಷೆ ಬರೀ ಗಾಳ" ಎಂದಾಗ ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಅವರೇ ಪಿಎಚ್.ಡಿ. ಮಾಡು ಎಂದೂ ಒತ್ತಾಯಿಸುತ್ತಿದ್ದಾರೆ. ಯಾವ ದೇಶ, ಯಾವ ಭಾಷೆ, ಯಾವ ಸಂಸ್ಥೆ, ಒಂದೂ ಗೊತ್ತಿಲ್ಲ. ಎಷ್ಟು ಪ್ರಾರ್ಥಿಸಿದರೂ ದೇವರು ಏನೂ ಹೇಳುತ್ತಿಲ್ಲ. ನನ್ನ ಕರೆ ನಿಜವೋ, ಬರೀ ಆವೇಶವೋ?

ಪ್ರಿಯ ವಿದ್ಯಾರ್ಥಿ,

ನೀವು ತುಂಬಾ ದಣಿದಿದ್ದೀರಿ ಅನ್ನಿಸಿತು. ಸಭೆಗೆ ಹೋದರೆ ಓದಿನ ಪರ ವಾದ ಮಾಡಬೇಕು, ಕ್ಲಾಸಿಗೆ ಬಂದರೆ ನಂಬಿಕೆಯ ಪರ ವಾದ ಮಾಡಬೇಕು. ಹೀಗೆ ಎರಡೂ ಕಡೆ ಉತ್ತರ ಕೊಟ್ಟು ಸಾಕಾದವರಿಗೆ ದೇವರ ಮೌನ ಇನ್ನೂ ಜಾಸ್ತಿ ಭಾರ ಅನ್ನಿಸುತ್ತದೆ. ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಹದಿನೇಳರಲ್ಲಿ ಬಂದದ್ದು ಆವೇಶವೇ ಇರಬಹುದು. ಇರಲಿ ಬಿಡಿ. ಆ ಆವೇಶ ಇಳಿದು ಎಷ್ಟೋ ದಿನವಾಗಿದೆ, ಆದರೂ ನೀವು ಅದೇ ದಾರಿಯಲ್ಲಿದ್ದೀರಿ. ಹೆಚ್ಚಿನವರು ಹೆಸರೂ ಕೇಳಿರದ ವಿಷಯ ಆರಿಸಿಕೊಂಡು, ಪರೀಕ್ಷೆ ಬರೆದು, ಕೊನೆಯ ವರ್ಷದ ತನಕ ಬಂದಿದ್ದೀರಿ. ಕೂಟದ ಆ ಒಂದು ಸಂಜೆಗಿಂತ ಈ ಐದು ವರ್ಷ ನನಗೆ ದೊಡ್ಡ ಸಾಕ್ಷಿ.

ಇನ್ನು ದೇವರು ಮಾತಾಡುತ್ತಿಲ್ಲ ಎಂಬ ಮಾತು. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಪ್ರಸಂಗಗಳಲ್ಲಿ ನಾವು ಕೇಳುವುದು ಜಾಸ್ತಿ ಮಕೆದೋನ್ಯದ ದರ್ಶನದ ಬಗ್ಗೆ. ಅದರ ಹಿಂದಿನ ವಚನಗಳ ಬಗ್ಗೆ ಕೇಳುವುದು ಕಡಿಮೆ. ಪೌಲ ಮತ್ತು ಜೊತೆಗಾರರು ಆಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕು ಎಂದಿದ್ದರು. ಪವಿತ್ರಾತ್ಮ ತಡೆಯಿತು. ಬಿಥೂನ್ಯದ ಕಡೆ ಹೊರಟರು. ಅಲ್ಲೂ ಅಡ್ಡಿಯಾಯಿತು. ಆಮೇಲೆ ತ್ರೋವಕ್ಕೆ ಇಳಿದು ಬಂದಾಗ, ಮಕೆದೋನ್ಯಕ್ಕೆ ಬಂದು ಸಹಾಯ ಮಾಡು ಎಂದು ಒಬ್ಬನು ಕರೆಯುವ ದರ್ಶನ ರಾತ್ರಿಯಲ್ಲಿ ಆಯಿತು. ಎರಡು ಸಲ 'ಇಲ್ಲಿ ಬೇಡ' ಎಂಬ ಉತ್ತರ ಸಿಕ್ಕಿದ್ದೂ ಅವರು ಹೊರಟಿದ್ದರಿಂದಲೇ ಅಲ್ವಾ? ದರ್ಶನ ಆದ ಮೇಲೆ ಹೊರಡೋಣ ಎಂದು ಮನೆಯಲ್ಲೇ ಕೂತಿದ್ದರೆ ಅವರು ತ್ರೋವಕ್ಕೆ ತಲುಪುತ್ತಲೇ ಇರಲಿಲ್ಲ.

ನಿಮಗೆ ನಾನು ಹೇಳಬೇಕಾದದ್ದೂ ಇದೇ. ದೇಶದ ಹೆಸರು, ಸಂಸ್ಥೆಯ ಹೆಸರು ಸಿಗುವ ತನಕ ಓದನ್ನು ಸುಮ್ನೆ ಕಾಲ ಕಳೆಯುವ ಕೆಲಸ ಮಾಡಿಕೊಳ್ಳಬೇಡಿ. ಒಂದು ಭಾಷೆಯನ್ನು ಹಿಡಿಯಿರಿ. ಅದನ್ನಾಡುವ ಜನರ ಜೊತೆ, ನೀವು ಯಾರೆಂಬುದನ್ನು ಮುಚ್ಚಿಡದೆ, ಕೂತು ಕೆಲಸ ಶುರು ಮಾಡಿ. ಕರೆ ನಿಜವೋ ಅಲ್ಲವೋ ಎಂದು ಆ ಕೆಲಸದಲ್ಲಿ ಗೊತ್ತಾಗುತ್ತದೆ. ಕೋಣೆಯಲ್ಲಿ ಒಬ್ಬರೇ ಕೂತು ಯೋಚಿಸಿ ಅದನ್ನು ತಿಳಿಯುವುದು ಕಷ್ಟ.

ಸಭೆಯ ಹಿರಿಯರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಏನು ಓದುತ್ತಿದ್ದೀರಿ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ನೀವೇ ಹೇಳಿ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಿಂದ ಶುರು ಮಾಡಿ. ಬಿರುಗಾಳಿ ಎದ್ದಿದೆ, ದೋಣಿಗೆ ನೀರು ತುಂಬುತ್ತಿದೆ, ಯೇಸು ನಿದ್ದೆ ಮಾಡುತ್ತಿದ್ದಾನೆ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ ಎಂದು ಶಿಷ್ಯರು ಎಬ್ಬಿಸುತ್ತಾರೆ. ಕನ್ನಡದಲ್ಲಿ 'ನಾವು' ಅಂದರೆ ಮುಗಿಯಿತು. ತುಳುವಿನಲ್ಲಿ ಮುಗಿಯುವುದಿಲ್ಲ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟರೆ 'ಎಂಕುಲು'. ತಮಿಳು, ತೆಲುಗಿನಲ್ಲೂ ಈ ಭೇದ ಇದೆ. ಪೆಸಿಫಿಕ್ ದ್ವೀಪಗಳ ಎಷ್ಟೋ ಭಾಷೆಗಳಲ್ಲೂ ಇದೆ. ಗ್ರೀಕ್ ಮೂಲದಲ್ಲಿ ಇಲ್ಲ. ಹಾಗಾಗಿ ಅನುವಾದ ಮಾಡುವವರೇ ತೀರ್ಮಾನ ಮಾಡಬೇಕು. ತಮ್ಮ ಜೊತೆ ಯೇಸುವೂ ಮುಳುಗುತ್ತಾನೆ ಎಂದು ಶಿಷ್ಯರು ಹೆದರಿದ್ದರೋ? ಅಥವಾ ಇವನಿಗೇನೂ ಆಗುವುದಿಲ್ಲ, ಸಾಯುವವರು ನಾವೇ ಎಂದುಕೊಂಡಿದ್ದರೋ? ಯೇಸು ಯಾರೆಂದು ಅವರಿಗೆ ಆಗ ಎಷ್ಟು ಅರ್ಥವಾಗಿತ್ತು ಎಂಬುದೇ ಆ ಒಂದು ಸರ್ವನಾಮದಲ್ಲಿ ಬಂದುಬಿಡುತ್ತದೆ. ಎಷ್ಟೇ ಭಕ್ತಿ ಇರಲಿ, ವ್ಯಾಕರಣ ಗೊತ್ತಿಲ್ಲದವರಿಗೆ ಅಲ್ಲೊಂದು ಪ್ರಶ್ನೆ ಇದೆ ಎಂದೇ ಕಾಣುವುದಿಲ್ಲ. ಹಿರಿಯರ ಮುಂದೆ ಕೂತು ಇದನ್ನು ವಿವರಿಸಿ. ವಾಕ್ಯವನ್ನು ಪ್ರೀತಿಸುವವರು ಕಿವಿಗೊಟ್ಟೇ ಕೊಡುತ್ತಾರೆ.

ಫರ್ಡಿನಾಂಡ್ ಕಿಟೆಲ್ ಅವರ ಬದುಕನ್ನೂ ಹೇಳಿ. ಬಾಸೆಲ್ ಮಿಷನ್‌ನಿಂದ 1853ರಲ್ಲಿ ಬಂದಾಗ ಅವರಿಗೆ 21 ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಹಳಗನ್ನಡ ಕಲಿತರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಅಚ್ಚಿಗೆ ಕೊಟ್ಟರು. ಜರ್ಮನಿಗೆ ಮರಳಿದ್ದವರು ನಿಘಂಟು ಮುಗಿಸುವುದಕ್ಕಾಗಿ 1883ರಲ್ಲಿ ಮತ್ತೆ ಬಂದರು. ಸುಮಾರು 70,000 ಪದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ವ್ಯಾಕರಣ ಪುಸ್ತಕ ಬಂದದ್ದು ಅವರು ತೀರಿಕೊಂಡ ವರ್ಷ, 1903ರಲ್ಲಿ. ಇದು ಸೇವೆಯೋ, ಲೋಕದ ಓದೋ? ಯಾವ ಧರ್ಮದವರೇ ಆಗಲಿ, ಕನ್ನಡದ ಗಂಭೀರ ಓದಿಗೆ ಕೂತವರು ಇವತ್ತಿಗೂ ಕಿಟೆಲ್ ಕೋಶ ತೆರೆಯುತ್ತಾರೆ.

ಬೈಬಲ್ ಕಾಲೇಜು ಬೇಡ ಎನ್ನುತ್ತಿಲ್ಲ. ಅನುವಾದಕ್ಕೆ ಕೈ ಹಾಕುವುದಾದರೆ ಹೀಬ್ರೂ, ಗ್ರೀಕ್ ಒಂದಲ್ಲ ಒಂದು ದಿನ ಬೇಕೇ ಬೇಕು. ಆದರೆ ಕೈಯಲ್ಲಿರುವ ಎಂ.ಎ. ಅರ್ಧಕ್ಕೆ ಬಿಟ್ಟು ಹೋಗಬೇಡಿ.

ಪ್ರಾಧ್ಯಾಪಕರ ಮಾತಿಗೆ ಬರೋಣ. ಎಲ್ಲರ ಮುಂದೆ ಹಾಗೆ ಹೇಳಿದ್ದು ಒರಟು. ಆದರೆ ಅವರ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬೇಡಿ. ಕೆನಡಾದಲ್ಲಿ ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸಿದ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳು ತಾಯಿನುಡಿ ಆಡಿದರೆ ಶಿಕ್ಷೆ ಸಿಗುತ್ತಿತ್ತು. ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಇದನ್ನೆಲ್ಲ ವರದಿ ಮಾಡಿತು. 1971ರಲ್ಲಿ ಬಾರ್ಬಡೋಸ್‌ನಲ್ಲಿ ಸೇರಿದ ಮಾನವಶಾಸ್ತ್ರಜ್ಞರು, ಲ್ಯಾಟಿನ್ ಅಮೆರಿಕದ ಮೂಲನಿವಾಸಿಗಳ ನಡುವೆ ಮಿಷನ್ ಕೆಲಸವೇ ನಿಲ್ಲಬೇಕು ಎಂದು ಹೇಳಿಕೆ ಹೊರಡಿಸಿದರು. ಅವನ್ನು ಓದಿ. ನೋವಾಗುತ್ತದೆ, ಆದರೂ ಓದಿ. ಹಾಗೆಯೇ 1934ರಲ್ಲಿ ಅಮೆರಿಕದಲ್ಲಿ ಬೈಬಲ್ ಅನುವಾದಕರಿಗಾಗಿ ಒಂದು ಸಣ್ಣ ಬೇಸಿಗೆ ತರಬೇತಿಯಾಗಿ ಶುರುವಾದ ಎಸ್ಐಎಲ್ ಎಂಬ ಕ್ರೈಸ್ತ ಭಾಷಾ ಸಂಸ್ಥೆ ಮಾಡಿದ ಕೆಲಸವನ್ನೂ ನೋಡಿ. ಭಾಷೆಗಳ ಪಟ್ಟಿಯಾದ ಎಥ್ನೊಲಾಗ್ ಅವರದು. ಪ್ರತಿ ಭಾಷೆಗೂ ಇರುವ ಮೂರಕ್ಷರದ ಅಂತರರಾಷ್ಟ್ರೀಯ (ಐಎಸ್ಒ) ಸಂಕೇತಗಳನ್ನು ನೋಡಿಕೊಳ್ಳುವವರು ಅವರೇ. ಧ್ವನಿ ಚಿಹ್ನೆಗಳನ್ನು ಬರೆಯುವ ಡೌಲೋಸ್ ಫಾಂಟ್, ನಿಘಂಟು ಕಟ್ಟಲು ನೆರವಾಗುವ ಫೀಲ್ಡ್‌ವರ್ಕ್ಸ್ ತಂತ್ರಾಂಶ ಕೂಡ ಅವರದೇ. ದೇವರನ್ನು ನಂಬದ ಭಾಷಾವಿಜ್ಞಾನಿಗಳೂ ಇವನ್ನು ಬಳಸುತ್ತಾರೆ. ಎರಡೂ ನಿಜ. ವಾದ ಬಂದಾಗ ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬೇಡಿ.

ಗಾಳ ಎಂಬ ಮಾತು ನಿಮ್ಮ ವಿಷಯದಲ್ಲಿ ನಿಜವಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಫೀಲ್ಡ್‌ನಲ್ಲಿ ಹೇಗಿರುತ್ತದೆ ಎಂದು ಸ್ವಲ್ಪ ಕಲ್ಪಿಸಿಕೊಳ್ಳಿ. ನಿಮ್ಮ ಎದುರು ವಯಸ್ಸಾದ ಒಬ್ಬ ಅಜ್ಜಿ. ನಡುವೆ ರೆಕಾರ್ಡರ್. 'ನಾನು ಬಂದೆ', 'ನೀನು ಬಂದೆ', 'ಅವಳು ಬಂದಳು' ಎಂದು ಅವರ ಭಾಷೆಯಲ್ಲಿ ಹೇಳಿಸುತ್ತಿದ್ದೀರಿ. ಅರ್ಧ ಗಂಟೆಯಲ್ಲಿ ಅವರಿಗೆ ಸಾಕಾಗುತ್ತದೆ. ನಿಮ್ಮ ಪಟ್ಟಿ ಬಿಟ್ಟು ತಮ್ಮ ತಂಗಿಯ ಮದುವೆಯ ಕತೆ ಶುರು ಮಾಡುತ್ತಾರೆ. ನೀವು ಪಟ್ಟಿ ಮಡಿಸಿಟ್ಟು ಕೇಳುತ್ತೀರಿ. ಕ್ರಿಯಾಪದದ ನೀವು ಹುಡುಕುತ್ತಿದ್ದ ರೂಪ ಆ ಕತೆಯ ನಡುವೆ ತಾನಾಗಿ ಬರುತ್ತದೆ. ಆಮೇಲೆ ಆ ಹತ್ತು ನಿಮಿಷದ ಮಾತನ್ನು ಬರೆದಿಳಿಸಲು ದಿನಗಟ್ಟಲೆ ಕೂರಬೇಕು. ಒಂದು ಸ್ವರ ಉದ್ದವೋ ಗಿಡ್ಡವೋ ಎಂದು ಅದೇ ಎರಡು ಸೆಕೆಂಡನ್ನು ಹಿಂದೆ ಮುಂದೆ ಮಾಡಿ ಕೇಳಬೇಕು. ನಡುವೆ ಒಂದು ದಿನ ಅಜ್ಜಿ ಕೇಳಿಯೇ ಕೇಳುತ್ತಾರೆ, "ಇದೆಲ್ಲ ನಿನಗೆ ಯಾಕೆ?"

ಆ ಪ್ರಶ್ನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಸ್ಥಿತಿಯಲ್ಲಿ ನೀವು ಇರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಸಂಶೋಧನೆಗೆಂದು ವೀಸಾ ತೆಗೆದುಕೊಂಡು ಬೇರೆ ಉದ್ದೇಶಕ್ಕೆ ಹೋಗಬೇಡಿ. ಪ್ರಬಂಧಕ್ಕೆಂದು ಹೇಳಿ ಪಡೆದ ರೆಕಾರ್ಡಿಂಗನ್ನು ಕೇಳದೆ ಇನ್ನೊಂದಕ್ಕೆ ಬಳಸಬೇಡಿ. ಆ ಅಜ್ಜಿ ನಿಮ್ಮ ನಂಬಿಕೆಗೆ ಎಂದೂ ಬರದೇ ಹೋದರೂ ಅವರ ಕತೆಯನ್ನು ಅಷ್ಟೇ ಶ್ರದ್ಧೆಯಿಂದ ಬರೆದಿಳಿಸಲು ಮನಸ್ಸಿದೆಯೇ? ಇದ್ದರೆ ಮುಂದೆ ಹೋಗಿ. ಸತ್ಯವನ್ನು ಸಾರಲು ಹೊರಟವರು ಸುಳ್ಳು ಹೇಳಿ ಒಳಗೆ ಹೋಗುವುದು ನನ್ನ ಮನಸ್ಸಿಗೆ ಒಪ್ಪುವುದೇ ಇಲ್ಲ.

ಬೇಡ ಅನ್ನುವ ಹಕ್ಕೂ ಜನರಿಗಿದೆ. 2018ರ ನವೆಂಬರ್‌ನಲ್ಲಿ ಅಮೆರಿಕದ ಒಬ್ಬ ಯುವ ಮಿಷನರಿ ಕಾನೂನು ಮೀರಿ ಅಂಡಮಾನ್‌ನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಪ್ರಾಣ ಕಳೆದುಕೊಂಡರು. ಅವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ದ್ವೀಪದವರು ಹೊರಗಿನವರು ಬೇಡವೆಂದು ಬಾಣ ಬಿಟ್ಟೇ ಹೇಳುತ್ತಾ ಬಂದಿದ್ದರು. ಹೊರಗಿನ ಸಾಮಾನ್ಯ ಕಾಯಿಲೆಯೇ ಅವರನ್ನು ಅಳಿಸಿಹಾಕಬಹುದು. ಇಂಥ ಘಟನೆಯನ್ನು ಹುತಾತ್ಮತೆ ಎಂದಷ್ಟೇ ಹೇಳಿ ನಿಮ್ಮ ವಯಸ್ಸಿನವರನ್ನು ಹುರಿದುಂಬಿಸುವವರ ಮಾತಿಗೆ ಮರುಳಾಗಬೇಡಿ.

ನೀವು ಕೇಳಿಲ್ಲ, ಆದರೂ ಒಂದು ವಿಷಯ ಹೇಳಬೇಕು. ಈ ದಾರಿಯಲ್ಲಿ ನಂಬಿಕೆ ಅಲುಗಾಡುವುದೂ ಉಂಟು. ಡೇನಿಯಲ್ ಎವರೆಟ್ ಮಿಷನರಿಯಾಗಿ 1977ರಲ್ಲಿ ಬ್ರೆಜಿಲ್‌ನ ಪಿರಹಾ ಜನರ ನಡುವೆ ಹೋದವರು. ದೊಡ್ಡ ಭಾಷಾವಿಜ್ಞಾನಿಯಾದರು. ಕೊನೆಗೆ ನಂಬಿಕೆ ಬಿಟ್ಟರು, ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಅದೇ ಕೆಲಸ ಮಾಡುತ್ತಾ ಕೊನೆಯ ತನಕ ನಂಬಿಕೆಯಲ್ಲಿ ನಿಂತವರಲ್ಲಿ ಕೆನೆತ್ ಪೈಕ್ ಅವರಂಥ ಹೆಸರಾಂತ ವಿದ್ವಾಂಸರೂ ಇದ್ದಾರೆ. ನಿಮಗೆ ಏನಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಸಂಶಯ ಬಂದಾಗ ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಒಬ್ಬರು ಬೇಕು. ಬಾಯಿ ತೆರೆದ ಕೂಡಲೇ ಉಪದೇಶ ಮಾಡುವವರು ಬೇಡ. ಕೇಳಿಸಿಕೊಂಡು, ಜೊತೆಗೆ ಪ್ರಾರ್ಥಿಸಿ, ಮರುವಾರ ಮತ್ತೆ ವಿಚಾರಿಸುವವರು ಬೇಕು. ಅಂಥವರನ್ನು ಈಗಲೇ ಹುಡುಕಿಕೊಳ್ಳಿ.

ಇನ್ನು ಮುಂದಿನ ದಾರಿ. ಎಂ.ಎ. ಪ್ರಬಂಧಕ್ಕೆ ಪುಸ್ತಕದಿಂದ ತೆಗೆದ ವಿಷಯ ಬೇಡ. ಕಡಿಮೆ ಬರವಣಿಗೆ ಇರುವ, ನೀವು ತಲುಪಬಹುದಾದ ಒಂದು ಭಾಷೆಯ ಒಂದು ಸಣ್ಣ ಭಾಗವನ್ನು ಹಿಡಿಯಿರಿ, ಅದರ ಧ್ವನಿಗಳನ್ನೋ, ಕ್ರಿಯಾಪದವನ್ನೋ. ಆಗ ಬೇಸರದ ಕೆಲಸದಲ್ಲಿ ನಿಮಗೆ ಖುಷಿ ಸಿಗುತ್ತದಾ ನೋಡಿ. ಸಿಕ್ಕರೆ ಪಿಎಚ್.ಡಿ. ಬಗ್ಗೆ ಆಮೇಲೆ ಯೋಚಿಸಬಹುದು, ಮಿಷನ್‌ಗೆ ಅದು ಅಡ್ಡಿಯಲ್ಲ. ಸಿಗದಿದ್ದರೆ ಅದೂ ಉತ್ತರವೇ. ಸೇವೆಗೆ ಬೇರೆ ದಾರಿಗಳು ಬೇಕಾದಷ್ಟಿವೆ.

'ನಾನು ಹೋಗಿ ಅನುವಾದ ಮಾಡುತ್ತೇನೆ' ಎಂಬ ಚಿತ್ರವನ್ನೂ ಸ್ವಲ್ಪ ಸಡಿಲ ಮಾಡಿ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಪೂರ್ತಿ ಬೈಬಲ್ ಬಂದಿರುವುದು 700ಕ್ಕಿಂತ ಹೆಚ್ಚು ಭಾಷೆಗಳಲ್ಲಿ ಮಾತ್ರ. ಕೆಲಸ ಬೇಕಾದಷ್ಟಿದೆ ನಿಜ. ಆದರೆ ಈಗ ಅನುವಾದಕ್ಕೆ ಕೂರುವವರು ಬಹುಪಾಲು ಆ ಭಾಷೆಯವರೇ. ಹೊರಗಿನವರು ತರಬೇತಿ ಕೊಡುತ್ತಾರೆ, ಲಿಪಿ ರೂಪಿಸಲು ನೆರವಾಗುತ್ತಾರೆ, ಕರಡು ಪರೀಕ್ಷಿಸುತ್ತಾರೆ. ಹೆಸರು ಬರುವುದು ಕಡಿಮೆ, ಕಲಿಯಬೇಕಾದದ್ದು ಜಾಸ್ತಿ. ಹೆಚ್ಚಿನವರು ಯೋಚಿಸದ ಇನ್ನೊಂದು ಕ್ಷೇತ್ರ ಸನ್ನೆ ಭಾಷೆಗಳದು. ಅಮೆರಿಕದ ಸನ್ನೆ ಭಾಷೆಯಲ್ಲೇ ಪೂರ್ತಿ ಬೈಬಲ್ ಮುಗಿದದ್ದು 2020ರಲ್ಲಿ. ಉಳಿದ ಸನ್ನೆ ಭಾಷೆಗಳ ವ್ಯಾಕರಣ ಗೊತ್ತಿರುವವರೇ ತೀರಾ ಕಡಿಮೆ. ಆ ಕಡೆಗೂ ಒಮ್ಮೆ ನೋಡಿ.

ಯಾವ ಸಂಸ್ಥೆಗೂ ಈಗಲೇ ದೀರ್ಘಕಾಲದ ಒಪ್ಪಂದಕ್ಕೆ ಸಹಿ ಹಾಕಬೇಡಿ. ನಿಮಗೆ ಇಷ್ಟವಾದ ಎರಡು ಮೂರು ಸಂಸ್ಥೆಗಳಿಗೆ ಪತ್ರ ಬರೆದು ನೇರವಾಗಿ ಕೇಳಿ. ರೆಕಾರ್ಡಿಂಗ್, ನಿಘಂಟು, ಅನುವಾದ ಯಾರ ಸ್ವತ್ತಾಗಿ ಉಳಿಯುತ್ತವೆ? ಆ ಭಾಷೆಯವರು ನಿರ್ಧಾರ ತೆಗೆದುಕೊಳ್ಳುವ ಜಾಗದಲ್ಲಿದ್ದಾರಾ, ಬರೀ ಸಹಾಯಕರಾ? ಅಲ್ಲಿನ ಸರ್ಕಾರಕ್ಕೆ ನಿಮ್ಮ ಕೆಲಸದ ಬಗ್ಗೆ ಏನೆಂದು ಹೇಳಿದ್ದೀರಿ? ಸಾಕ್ಷರತೆ ತರಗತಿಗೆ ಬರಲು ಯಾರಾದರೂ ಸಭೆಗೆ ಸೇರಲೇಬೇಕಾ? ಸಾಧ್ಯವಾದರೆ ಅವರ ಜೊತೆ ಕೆಲಸ ಮಾಡಿದ ಒಬ್ಬ ಸ್ಥಳೀಯ ಅನುವಾದಕರ ಸಂಪರ್ಕ ಕೊಡಿ ಎಂದೂ ಕೇಳಿ, ಅವರ ಜೊತೆ ನೀವೇ ಮಾತಾಡಿ. ಈ ಪ್ರಶ್ನೆಗಳಿಗೆ ಸಿಟ್ಟಾಗುವ ಸಂಸ್ಥೆಯನ್ನು ಪಟ್ಟಿಯಿಂದ ತೆಗೆಯಿರಿ. ಬಿಡಿಸಿ ಉತ್ತರ ಕೊಡುವವರ ಬಳಿ ಪರೀಕ್ಷೆ ಮುಗಿದ ಮೇಲೆ ಕೆಲವು ತಿಂಗಳು ಹೋಗಿ ಇದ್ದು ಬನ್ನಿ. ಉತ್ತರಗಳು ಬಂದಾಗ ನಿಮ್ಮ ಹಿರಿಯರಿಗೂ ಪ್ರಾಧ್ಯಾಪಕರಿಗೂ ತೋರಿಸಿ. ನನಗೂ ಬರೆಯಿರಿ.